ಎರಡೇ ಇದ್ದರೆ ಅರ್ಧವೇ?

ಬೆಲ್ ಹೊಡೆಯುವುದಕ್ಕೂ ಗುಬ್ಬಿ ಕೈ ಎತ್ತುವುದಕ್ಕೂ ಸರಿಹೋಯಿತು. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದ ಆ ಹುಡುಗಿಗೆ ಹಾಜರಿ ಕರೆಯುವ ಹೊತ್ತು ಬಿಟ್ಟರೆ ಉಳಿದಂತೆ ಅದೇ ಹೆಸರು.

“ಮಿಸ್, ಎರಡೇ ಥರ ಆಗೋಕೆ ಸಾಧ್ಯ ಅಂದ್ರೆ ಒಂದೊಂದಕ್ಕೂ ಅರ್ಧ ಅಲ್ವಾ?”

ಗಣಿತದ ಮೇಡಂ ಆಗಲೇ ಬಾಗಿಲಲ್ಲಿದ್ದರು. ನಾಣ್ಯದ ಎರಡು ಮುಖಗಳ ಚಿತ್ರ ಬೋರ್ಡಿನ ಮೇಲೆ ಇನ್ನೂ ಹಾಗೇ ಇತ್ತು. ಮುಂದಿನ ಪಿರಿಯಡ್ಡಿಗೆ ಮೇಲಿನ ಮಹಡಿ ಹತ್ತಬೇಕು. “ಹೂಂ ಕಣೇ, ಅಷ್ಟೇ,” ಎಂದು ಹೊರಟುಬಿಟ್ಟರು.

ಮರುದಿನ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ ನಾಣ್ಯ ಚಿಮ್ಮಲು ಹೇಳಿದರು. ಡೆಸ್ಕಿನ ಕೆಳಗೆ ತೂರಿ ನಾಣ್ಯ ಹುಡುಕುವವರದ್ದೇ ಗದ್ದಲ. ಅದರ ನಡುವೆ ಗುಬ್ಬಿ ತನ್ನ ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದಳು. “ಎಸಿಯೇ, ಸುಮ್ನೆ ಯಾಕೆ ಕೂತಿದೀಯ?” ಎಂದು ಜೊತೆಗಾತಿ ಕೈ ಬಿಡಿಸಲು ಹೋದದ್ದೇ ತಡ, ಅಳು ಒತ್ತರಿಸಿಕೊಂಡು ಬಂತು.

ಮೇಡಂ ಅವಳನ್ನು ವರಾಂಡಕ್ಕೆ ಕರೆದೊಯ್ದು, ತಮ್ಮ ಸೆರಗಿನಿಂದಲೇ ಮುಖ ಒರೆಸಿದರು.

“ನಾಳೆ ಅಮ್ಮಂಗೆ ಆಪರೇಷನ್ ಮಿಸ್. ಕತ್ತಿನಲ್ಲಿ ಗಡ್ಡೆ.” ಗುಬ್ಬಿ ಬಿಕ್ಕುತ್ತಲೇ ಹೇಳಿದಳು. “ಆದ್ಮೇಲೆ ಒಂದೋ ಏಳ್ತಾಳೆ, ಇಲ್ಲಾ ಏಳಲ್ಲ. ಎರಡೇ ಅಲ್ವಾ? ಅರ್ಧ ಆಯ್ತಲ್ಲ.”

ಮೇಡಂಗೆ ಬೋರ್ಡು ನೆನಪಾಯಿತು. ಎಲ್ಲಕ್ಕೂ ಸಮಾನ ಸಾಧ್ಯತೆ ಎಂಬ ಅರ್ಥದ ‘ಸಮಸಂಭವನೀಯ’ ಪದವನ್ನು ನಿನ್ನೆ ದೊಡ್ಡದಾಗಿ ಬರೆದಿದ್ದರು, ಅಡಿಗೆರೆಯನ್ನೂ ಎಳೆದಿದ್ದರು. ಅದು ಯಾಕೆ ಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು ಆ ‘ಹೂಂ’ ಬೇರೆ.

“ನಾನು ತಪ್ಪು ಹೇಳ್ಬಿಟ್ಟೆ ಪುಟ್ಟಾ. ಬಾ ಒಳಗೆ,” ಎಂದರು.

ಒಳಗೆ ಬಂದವರೇ ಮೇಜಿನ ಮೇಲಿದ್ದ ಡಸ್ಟರ್ ಎತ್ತಿ ಹಿಡಿದರು. “ಇಲ್ಲಿ ನೋಡ್ರೋ. ಇದನ್ನ ಎಸೆದ್ರೆ ಒಂದೋ ಮಲಗುತ್ತೆ, ಇಲ್ಲಾ ಈ ಸಣ್ಣ ತುದಿ ಮೇಲೆ ನೆಟ್ಟಗೆ ನಿಲ್ಲುತ್ತೆ. ಇರೋದು ಎರಡೇ. ಅರ್ಧರ್ಧ ತಾನೆ?”

“ಹೌದು ಮಿಸ್!” ಎಂದು ಕೂಗಿದವರು, ಕೂಗಿ ಮುಗಿಯುವಷ್ಟರಲ್ಲಿ ತಾವೇ ನಗತೊಡಗಿದರು.

“ನಗಬೇಡಿ. ಬಂದು ಎಸೀರಿ.”

ಒಬ್ಬೊಬ್ಬರೇ ಬಂದು ಎಸೆದರು. ಡಸ್ಟರ್ ಬಿದ್ದಲ್ಲೆಲ್ಲ ಬಿಳಿ ಪುಡಿ ಹಾರಿತು. ಮುಂದಿನ ಬೆಂಚಿನವರು ಕೆಮ್ಮಿ ಕೆಮ್ಮಿ ಸುಸ್ತಾದರು. ಹಿಂದಿನ ಬೆಂಚಿನ ದಡಿಯ ಅದನ್ನು ಪುಸ್ತಕಕ್ಕೆ ಒರಗಿಸಿ ನಿಲ್ಲಿಸಲು ನೋಡಿ “ಮೋಸ! ಮೋಸ!” ಎಂದು ಬೈಸಿಕೊಂಡ. ಪ್ರತಿ ಸಲವೂ ಡಸ್ಟರ್ ಹಾಯಾಗಿ ಮಲಗಿತು. ಕೊನೆಗೊಮ್ಮೆ ಮಾತ್ರ ಉರುಳುತ್ತಾ ಹೋಗಿ, ಒಂದಿಷ್ಟು ಓಲಾಡಿ, ನೆಟ್ಟಗೆ ನಿಂತೇಬಿಟ್ಟಿತು. ತರಗತಿಗೆ ತರಗತಿಯೇ ಹೋ ಎಂದಿತು.

ಗುಬ್ಬಿ ಮಾತ್ರ ಕೂಗಲಿಲ್ಲ. “ನಿಂತ್ಕೊಳ್ತಲ್ಲ ಮಿಸ್,” ಎಂದಳು.

ಮೇಡಂ ಡಸ್ಟರನ್ನು ಎತ್ತಿಕೊಂಡರು. “ನಿಂತ್ಕೊಳ್ತು. ಯಾವಾಗ್ಲೋ ಒಂದ್ಸಲ ನಿಲ್ಲುತ್ತೆ. ಆದ್ರೆ ಅರ್ಧಕ್ಕರ್ಧ ನಿಲ್ಲಲ್ಲ. ನಾಣ್ಯಕ್ಕೆ ಯಾವ ಕಡೆ ಬೀಳೋದಾದ್ರೂ ಒಂದೇ, ಅದಕ್ಕೇ ಅಲ್ಲಿ ಅರ್ಧ. ಇದಕ್ಕೆ ಹಾಗಲ್ಲ. ಎಷ್ಟು ಅಂತ ಗೊತ್ತಾಗ್ಬೇಕಾದ್ರೆ ತುಂಬಾ ಸಲ ಮಾಡಿ ನೋಡಿದವ್ರನ್ನ ಕೇಳ್ಬೇಕು.”

“ಅಮ್ಮಂದು ಯಾರನ್ನ ಕೇಳೋದು?”

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದರು. ಗುಬ್ಬಿಯ ಅಮ್ಮ ಬಸ್ ಕಂಡಕ್ಟರ್. ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದರೂ ದನಿ ಮಾತ್ರ ಇಡೀ ವಾರ್ಡಿಗೆ ಕೇಳುವಂತಿತ್ತು. “ಅಯ್ಯೋ, ಮೇಡಂ ಬಂದ್ರು! ಏನು ಕಿತಾಪತಿ ಮಾಡಿದ್ಲು ಇವಳು?” ಗೋಡೆಗೆ ಬಣ್ಣ ಹೊಡೆಯುವ ಅಪ್ಪ ಸದ್ದಿಲ್ಲದೆ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕರು. ಅಪ್ಪನೂ ಹಿಂದೆಯೇ ಬಂದಿದ್ದ. ಮೇಡಂ ಗುಬ್ಬಿಯ ಬೆನ್ನು ತಟ್ಟಿ, “ನೀನೇ ಕೇಳು,” ಎಂದರು.

“ಅಮ್ಮ ಏಳದೇ ಇರೋ ಸಂಭವ ಎಷ್ಟು?”

ಅಪ್ಪ ಪಕ್ಕನೆ ಗೋಡೆಯ ಕಡೆ ತಿರುಗಿದ. ಎಷ್ಟೋ ದಿನದಿಂದ ಅವನ ಗಂಟಲಲ್ಲೂ ಇದ್ದದ್ದು ಇದೇ ಪ್ರಶ್ನೆ; ಕೇಳುವ ಧೈರ್ಯ ಬಂದಿರಲಿಲ್ಲ.

ಡಾಕ್ಟರು ಮೊಣಕಾಲೂರಿ ಅವಳ ಎತ್ತರಕ್ಕೆ ಕೂತರು. “ನೀನು ಹುಟ್ಟೋಕೆ ಮುಂಚಿಂದಲೂ ಈ ಆಪರೇಷನ್ ಮಾಡ್ತಿದೀನಿ. ಇಲ್ಲಿವರೆಗೂ ಎಲ್ರೂ ಎದ್ದು ಮನೆಗೆ ಹೋಗಿದಾರೆ. ಆಗೋದೇ ಇಲ್ಲ ಅಂತ ಹೇಳಲ್ಲ. ಆದ್ರೆ ಸಾವಿರದಲ್ಲಿ ಒಬ್ರಿಗೆ ಆದ್ರೆ ಹೆಚ್ಚು. ದನಿ ಮಾತ್ರ ಸ್ವಲ್ಪ ದಿನ ಒಡೆದ ಹಾಗಿರುತ್ತೆ.”

ಗುಬ್ಬಿ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. “ಡಸ್ಟರ್‌ಗಿಂತ ಕಮ್ಮಿ,” ಎಂದಳು.

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. “ತುಂಬಾನೇ ಕಮ್ಮಿ ಕಣೇ,” ಎಂದರು ಮೇಡಂ.

ಮರುದಿನ ಬೆಳಿಗ್ಗೆ ಮೇಡಂ ರಜೆ ಹಾಕಿ ಬಂದರು. ಸಾವಿರಕ್ಕೆ ಒಂದು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಗಡಿಯಾರ ನೋಡುವುದು ನಿಲ್ಲಲಿಲ್ಲ. ಅಪ್ಪ ನಲ್ಲಿಯ ಹತ್ತಿರ ಹೋಗುವುದು, ನೀರು ಕುಡಿಯುವುದು, ಬರುವುದು, ಮತ್ತೆ ಹೋಗುವುದು. ಗುಬ್ಬಿ ಬೆಂಚಿನ ಅಂಚಿನಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರು ಬಾಯಿಗೆ ಕಟ್ಟಿದ್ದ ಬಟ್ಟೆ ಇಳಿಸುತ್ತಾ, “ಎಲ್ಲಾ ಚೆನ್ನಾಗಾಯ್ತು. ಎಚ್ಚರನೂ ಆಗ್ತಿದೆ,” ಎಂದರು. ಹಿಂದೆಯೇ ಸ್ಟ್ರೆಚರ್ ಬಂತು. ಕಣ್ಣು ಅರೆಮುಚ್ಚಿದ್ದ ಅಮ್ಮ ಒಡೆದ ದನಿಯಲ್ಲಿ ಗೊಣಗುತ್ತಿದ್ದಳು: “ಒಳಗೆ ನಡೀರಿ... ಬಾಗಿಲಲ್ಲಿ ನಿಲ್ಬೇಡಿ...”

“ನಡೀತಾನೇ ಇದೀವಿ ತಾಯಿ, ಟಿಕೆಟ್ ಮಾತ್ರ ಕೇಳ್ಬೇಡಿ,” ಎಂದ ಸ್ಟ್ರೆಚರ್ ತಳ್ಳುವವನು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಗೋಡೆಗೊರಗಿ ಹಾಗೇ ಕುಸಿದು ಕೂತ. ಬಣ್ಣದ ಕಲೆಯ ಕೈಗಳಲ್ಲಿ ಮುಖ ಮುಚ್ಚಿಕೊಂಡು ಒಂದಷ್ಟು ಹೊತ್ತು ಅತ್ತ. ಆಮೇಲೆ ಎದ್ದು ಸ್ಟ್ರೆಚರಿನ ಹಿಂದೆ ಓಡಿದ.

ವಾರ್ಡಿನೊಳಗೆ ಮಕ್ಕಳನ್ನು ಆಗಲೇ ಬಿಡುವುದಿಲ್ಲವೆಂದು ನರ್ಸ್ ಹೇಳಿದಳು. ಗುಬ್ಬಿ ಹಟ ಮಾಡಲಿಲ್ಲ. ಬೆಂಚಿಗೆ ಮರಳಿ ಬಂದು ಮೇಡಂ ತೋಳಿಗೆ ತಲೆ ಆನಿಸಿದವಳು ಅಲ್ಲೇ ನಿದ್ದೆಹೋದಳು. ತೋಳು ಜೋಮು ಹಿಡಿಯಿತು. ಬ್ಯಾಗಿನಲ್ಲಿ ಫೋನ್ ಗುರ್ರೆಂದು ಸುಮ್ಮನಾಯಿತು. ಮೇಡಂ ಅಲುಗಾಡಲಿಲ್ಲ.

ನೆಲ ಒರೆಸುವ ಹೆಂಗಸು ಕಾರಿಡಾರಿನ ಆ ತುದಿಯಿಂದ ಬಂದಳು. ಕಾಲು ಮೇಲೆತ್ತಿ ಎನ್ನಲು ಬಾಯಿ ತೆರೆದವಳು ಮಗುವಿನ ಮುಖ ನೋಡಿ ಸುಮ್ಮನಾದಳು. ಬೆಂಚನ್ನು ಬಳಸಿಕೊಂಡು ಒರೆಸುತ್ತಾ ಮುಂದೆ ಹೋದಳು. ಹೊಳೆಯುವ ಒದ್ದೆ ನೆಲದ ನಡುವೆ ಅವರಿಬ್ಬರ ಕಾಲುಗಳ ಸುತ್ತ ಮಾತ್ರ ಒಂದಿಷ್ಟು ಜಾಗ ಒಣಗಿಯೇ ಉಳಿಯಿತು.