ಒಳಗಿನ ಕುರ್ಚಿ

ಲಾನ್ಸೆಸ್ಟನ್ನಿನಲ್ಲಿ ವಸಂತ ಬಂದು ವಾಟಲ್ ಮರಗಳು ಹಳದಿ ಹೂ ಬಿಟ್ಟಿದ್ದವು. ಚರ್ಚಿನ ಹಾಲ್‌ನಲ್ಲಿ ಮಾತ್ರ ಹೀಟರ್ ಇನ್ನೂ ಉರಿಯುತ್ತಿತ್ತು. ಊರಿನ ವಾದ್ಯವೃಂದ ಶನಿವಾರದ ಕಚೇರಿಗೆ ತಾಲೀಮು ನಡೆಸಿತ್ತು: ವಸಂತದ ಮೇಲೆ ಹಳೆಯ ಕೃತಿಯೊಂದು, ಕಾಡು ಎಚ್ಚರಗೊಳ್ಳುವುದರ ಮೇಲೆ ಹೊಚ್ಚ ಹೊಸದೊಂದು.

ಪಿಟೀಲಿನವರು ಸ್ವರದ ಹಾಳೆಗಳ ಸ್ಟ್ಯಾಂಡನ್ನು ಇಬ್ಬರಿಗೊಂದರಂತೆ ಇಟ್ಟುಕೊಂಡು ಕೂರುತ್ತಾರೆ. ಕೇಳುವ ಜನರ ಕಡೆ, ಹೊರಗಿನ ಕುರ್ಚಿಯಲ್ಲಿ ಕೂತವರು ನುಡಿಸುತ್ತಲೇ ಇರಬೇಕು. ಒಳಗಿನ ಕುರ್ಚಿಯವರು ಪುಟದ ಕೊನೆಗೆ ನುಡಿಸುವುದನ್ನು ಬಿಟ್ಟು ಹಾಳೆ ತಿರುವಬೇಕು. ಮದುವೆಯಾದಾಗಿನಿಂದಲೂ ಥೆಲ್ಮಾಳದು ಹೊರಗಿನ ಕುರ್ಚಿ, ಗಂಡ ಕ್ಲೈವ್‌ನದು ಒಳಗಿನದು. ಜೂನ್‌ನ ಚಳಿಗಾಲದಲ್ಲಿ ಕ್ಲೈವ್ ಸತ್ತ. ಅವಳು ಅಳಲಿಲ್ಲ. ಅವನ ಕುರ್ಚಿಯಲ್ಲಿ ಯಾರೂ ಕೂರಕೂಡದು, ಪುಟ ತಾನೇ ತಿರುವಿಕೊಳ್ಳುತ್ತೇನೆ ಎಂದು ವಾದ್ಯವೃಂದ ನಡೆಸುವ ಡಂಕನ್‌ಗೆ ಹೇಳಿದಳು, ಅಷ್ಟೆ.

ಹಳೆಯ ಕೃತಿ ಬಾಯಿಪಾಠವಾಗಿತ್ತು. ಬೆರಳುಗಳೇ ಅದನ್ನು ಮುಗಿಸಿದವು. ಹೊಸದರ ಮೊದಲ ಪುಟ ಮುಗಿಯಿತು. ಥೆಲ್ಮಾ ಕೊನೆಯ ಸ್ವರವನ್ನು ಎಳೆಯುತ್ತ ಕಾದಳು. ಹಾಳೆ ತಿರುಗಲಿಲ್ಲ. ಉಳಿದವರೆಲ್ಲ ಮುಂದೆ ಹೋದರು. ಅವಳು ಅದೇ ಸ್ವರವನ್ನು ಎಳೆಯುತ್ತಲೇ ಇದ್ದಳು. ಡಂಕನ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಹಿಂದಿನ ವಾರವೂ ಹೀಗೇ ಆಗಿತ್ತು.

ಚಹಾದ ಬಿಡುವಿನಲ್ಲಿ ಅವನು ಬಿಸ್ಕತ್ತು ಹಿಡಿದುಕೊಂಡೇ ಬಂದ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಬೇಕು, ಇಲ್ಲವೇ ಶನಿವಾರ ಹಿಂದಿನ ಸಾಲಿಗೆ ಹೋಗಬೇಕು ಎಂದ. ಹಿಂದಿನ ಸಾಲಿಗೆ ಹೋದವರು ಮತ್ತೆ ಮುಂದೆ ಬಂದದ್ದನ್ನು ಥೆಲ್ಮಾ ಕಂಡಿರಲಿಲ್ಲ. ಅಲ್ಲೇ ಪಿಟೀಲು ನುಡಿಸುತ್ತಿದ್ದ ಹಲ್ಲಿನ ಡಾಕ್ಟರ್ ಬ್ರೆಟ್ ಅವಳ ಪಕ್ಕ ಕೂರಲು ತಯಾರಿದ್ದ.

"ನನ್ ಪಕ್ಕ ಕೂತೋರೆಲ್ಲ ಇಂಜೆಕ್ಷನ್ ತಗೊಂಡು ಮರಗಟ್ಟೇ ಇರ್ತಾರೆ, ಥೆಲ್ಮಾ," ಎಂದ ಬ್ರೆಟ್. "ನಂಗದು ಅಭ್ಯಾಸ."

ಡಂಕನ್ ಅವನನ್ನು ದುರುಗುಟ್ಟಿ ನೋಡಿದ. ಥೆಲ್ಮಾಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

"ಅವನ ಕುರ್ಚೀಲಿ ನೀನು ಕೂರಬೇಡ. ನನ್ನದ್ರಲ್ಲಿ ಕೂತ್ಕೋ," ಎಂದಳು.

ಬಿಡುವಿನ ನಂತರ ಅವಳು ಕ್ಲೈವ್‌ನ ಕುರ್ಚಿಯಲ್ಲಿ ಕೂತಳು. ಏನೂ ಅನ್ನಿಸಲಿಲ್ಲ. ಪುಟ ಮುಗಿಯುವ ಮೊದಲೇ ನಿಲ್ಲಿಸಿ ಹಾಳೆಗೆ ಕೈ ಹಾಕಿದಳು. ಕೊನೆಯ ನಾಲ್ಕಾರು ಸ್ವರಗಳು ಬ್ರೆಟ್‌ನ ಪಾಲಾದವು. ಇಷ್ಟು ವರ್ಷ ಯಾವ ಪುಟದ ಕೊನೆಯನ್ನೂ ಕ್ಲೈವ್ ನುಡಿಸಿಯೇ ಇರಲಿಲ್ಲ. ಒಮ್ಮೆಯೂ ಆ ಮಾತು ಎತ್ತಿರಲಿಲ್ಲ. ಅವಳೂ ಕೇಳಿರಲಿಲ್ಲ.

ಕೃತಿ ಎಲ್ಲೂ ನಿಲ್ಲದೆ ಮುಗಿಯಿತು.

"ಶನಿವಾರಕ್ಕೂ ಹೀಗೇನಾ?" ಎಂದು ಡಂಕನ್ ಕೇಳಿದ.

"ಹೀಗೇ."

ಶನಿವಾರ ಬೆರಳಿಗೆ ಸಿಗಲಿ ಎಂದು ಥೆಲ್ಮಾ ಪ್ರತಿ ಹಾಳೆಯ ಮೂಲೆಯನ್ನೂ ಸ್ವಲ್ಪ ಮಡಿಸತೊಡಗಿದಳು.