ಅತ್ತೆಯ ವಿಪಿಎನ್

ನರ್ಸಿಂಗ್ ಸೀಟು ಖಚಿತಪಡಿಸಲು ಸಂಜೆ ಐದರವರೆಗೆ ಮಾತ್ರ ಸಮಯವಿತ್ತು. ಈಗ ಐದಕ್ಕೆ ಒಂಬತ್ತು ನಿಮಿಷ ಬಾಕಿ. ಬಟ್ಟೆ ಹೊಲಿಯುವ ಅತ್ತೆಯ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ಅಣ್ಣನ ಮಗಳಿಗೆ ಕಾಲೇಜಿನ ಪುಟ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿತ್ತು: ‘ದೇಶದ ಹೊರಗಿನಿಂದ ಪ್ರವೇಶವಿಲ್ಲ.’

“ಹೊಲಿಗೆ ಮಷೀನಿನ ಪಕ್ಕದಲ್ಲೇ ಕೂತಿದ್ದೀನಿ, ನನ್ನನ್ನ ಯಾವ ದೇಶಕ್ಕೆ ಕಳಿಸಿಬಿಟ್ರಿ ಅತ್ತೆ? ಬ್ರೌಸರಿನ ಈ ವಿಪಿಎನ್ ನಾವಿರೋ ಜಾಗ ಮುಚ್ಚಿಟ್ಟು ಬೇರೆ ದೇಶ ತೋರಿಸ್ತಿದೆ. ಆಫ್ ಮಾಡ್ತೀನಿ.”

ಅತ್ತೆ ಅವಳ ಕೈ ಹಿಡಿದುಕೊಂಡಳು. ಹೋದ ವರ್ಷ ಯಾರೋ ಅತ್ತೆಯ ಇಮೇಲ್ ಖಾತೆಗೆ ನುಗ್ಗಿ ಗಿರಾಕಿಗಳಿಗೆಲ್ಲ ಹೊಲಸು ಸಂದೇಶ ಕಳಿಸಿದ್ದರು. ಆಗ ರಿಪೇರಿಯವನು ಚಾಲೂ ಮಾಡಿಕೊಟ್ಟಿದ್ದ ಈ ವಿಪಿಎನ್ನನ್ನು ಅವಳು ಕಾವಲು ದೇವರಂತೆ ನಂಬಿದ್ದಳು.

“ಬಾಗಿಲು ತೆರೆದಿಟ್ಟು ಕೂರ್ತಾರೇನೇ? ಕಳ್ಳ ಕಾಯ್ಕೊಂಡೇ ಇರ್ತಾನೆ.”

“ಚಿಲಕ ಹಾಕ್ಕೊಂಡೇ ಕೂತ್ರೆ ಬಂದ ನೆಂಟರೂ ಹೊರಗೇ ಉಳೀತಾರೆ ಅತ್ತೆ. ಆವತ್ತೇ ಪಾಸ್‌ವರ್ಡ್ ಬದಲಾಯಿಸಿದ್ದೀರಲ್ಲ. ನಾಲ್ಕೇ ನಿಮಿಷ ಉಳಿದಿದೆ!”

ಅತ್ತೆಯ ಹಿಡಿತ ಸಡಿಲಾಗಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ದೇವರು ಕೊಟ್ಟ ಸೀಟನ್ನು ತನ್ನ ಭಯ ಕಸಿಯಬಾರದು ಎಂದು ಅತ್ತೆಗೆ ಅನ್ನಿಸಿರಬೇಕು. “ಸರಿ, ಏನಾದ್ರೂ ಆದ್ರೆ ನನಗೇ ಆಗಲಿ. ಕಾಯಪ್ಪಾ ದೇವರೇ” ಎಂದು ತಾನೇ ವಿಪಿಎನ್ ಆಫ್ ಮಾಡಿ, ಕಣ್ಣು ಮುಚ್ಚಿ ಕೈ ಜೋಡಿಸಿದಳು.

ಪುಟ ತೆರೆಯಿತು. ಅವಸರದಲ್ಲಿ ಹುಡುಗಿ ಎರಡು ಸಲ ತಪ್ಪೊತ್ತಿದಳು. ಕೊನೆಯ ನಿಮಿಷದಲ್ಲಿ ಪರದೆಯ ಮೇಲೆ ‘ಸೀಟು ಖಚಿತವಾಗಿದೆ’ ಎಂದು ಮೂಡಿತು.

“ಆಯ್ತೇನೇ? ಏನೂ ಕೇಡಾಗಲಿಲ್ವಾ?”

“ಆಯ್ತು ಅತ್ತೆ. ಇನ್ನಾದ್ರೂ ಕಣ್ಣು ಬಿಡಿ.”