ಹಿಂದಿನಿಂದ ಕರೆದದ್ದು

ಹೊರಟವರನ್ನು ಹಿಂದಿನಿಂದ ಕರೆದರೆ ಕೇಡು ಎನ್ನುತ್ತಾರೆ ನಮ್ಮ ಕಡೆ. ಅಂದು ಬೆಳಿಗ್ಗೆ ಬುತ್ತಿಯ ಡಬ್ಬಿ ಮರೆತು ಕೆಲಸಕ್ಕೆ ಹೊರಟಿದ್ದ ನನ್ನ ಗಂಡನನ್ನು ನಾನು ಕರೆದೆ. ಅವರು ನಗುತ್ತ ತಿರುಗಿ ಬಂದು ಒಯ್ದರು. ಮಧ್ಯಾಹ್ನ ಕಟ್ಟುತ್ತಿದ್ದ ಕಟ್ಟಡದ ಸಾರ್ವೆಯ ಅಟ್ಟಣೆಯಿಂದ ಬಿದ್ದು ತೀರಿಕೊಂಡರು. ಡಬ್ಬಿ ಮುಚ್ಚಿದ್ದಂತೆಯೇ ಮನೆಗೆ ಬಂತು.

"ನೀ ಕರದಿ, ಅದಕ್ಕ ನನ್ನ ಹಣಮಂತ ಹ್ವಾದ," ಎಂದರು ಅತ್ತೆ. ದಿನವೂ ಅದೇ ಮಾತು. ನಾನೂ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈದು ಸುಸ್ತಾದ ಮೇಲೆ, ಅವರು ಹೇಳುವುದೇ ನಿಜವೇನೋ ಎನ್ನಿಸಿ ಅಳುತ್ತಿದ್ದೆ.

ಒಂದು ದಿನ ಆ ಕಟ್ಟಡದ ಇಂಜಿನಿಯರ್ ಬೊಮ್ಮನಹಳ್ಳಿಯ ನಮ್ಮ ಬಾಡಿಗೆ ರೂಮಿಗೆ ಬಂದರು. ಅತ್ತೆ ಅವರ ಮುಂದೆಯೂ ಅದೇ ಮಾತು ತೆಗೆದರು. "ಅಜ್ಜಿ, ಸಾರ್ವೆಗೆ ಕಟ್ಟಿದ್ದ ಹಗ್ಗ ಹಳೇದಾಗಿತ್ತು. ನಾವು ಬದಲಾಯಿಸ್ಲಿಲ್ಲ, ಅದಕ್ಕೇ ಬಿದ್ರು. ಇವ್ರು ಕರೆದಿದ್ದಕ್ಕೂ ಅದಕ್ಕೂ ಸಂಬಂಧನೇ ಇಲ್ಲ," ಎಂದು ತಲೆ ತಗ್ಗಿಸಿದರು. ಅತ್ತೆ ಹೂಂ ಎಂದರು. ಆಮೇಲೆ ನನ್ನನ್ನು ದೂರಲಿಲ್ಲ.

ಇವತ್ತು ನಾನು ಮೊದಲ ಸಲ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟೆ. ಫ್ಯಾಕ್ಟರಿ ಗೇಟಿನ ಹತ್ತಿರ ಯಾರೋ ನನ್ನ ಸೆರಗು ಹಿಡಿದೆಳೆದರು. ತಿರುಗಿ ನೋಡಿದರೆ ಅತ್ತೆ. ಅಷ್ಟು ದೂರ ಬರಿಗಾಲಲ್ಲಿ ಓಡಿ ಬಂದು ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ನಾನು ಮರೆತು ಬಂದಿದ್ದ ಡಬ್ಬಿ ಇತ್ತು, ಅವರ ಮಗನದೇ ಡಬ್ಬಿ.

"ಒಂದು ಕೂಗು ಹಾಕಿದ್ರ ಅಲ್ಲೇ ನಿಲ್ತಿದ್ನಲ್ರೀ ಅತ್ತಿ!" ಎಂದು ಸಿಡುಕಿದೆ.

ಅತ್ತೆ ಡಬ್ಬಿಯನ್ನು ನನ್ನ ಕೈಗಿಟ್ಟು, ಸೆರಗಿನಿಂದ ತಮ್ಮ ಬಾಯಿ ಮುಚ್ಚಿಕೊಂಡರು. ನಾನು ಗೇಟಿನೊಳಗೆ ಮರೆಯಾಗುವವರೆಗೂ ಆ ಕೈ ತೆಗೆಯಲಿಲ್ಲ.